ಎಲೆ ಒಂದು, ಹೆಸರು ಆರು

ತನ್ನ ತಪ್ಪನ್ನು ತಾನೇ ಒಪ್ಪಿಕೊಂಡು ಲೇಖನವನ್ನು ಆರಂಭಿಸುವುದು ಅಧ್ಯಾಪಕನಾದವನಿಗೆ ಅಷ್ಟೇನೂ ಹಿತವಾದ ಕೆಲಸವಲ್ಲ. ಆದರೆ ಈ ಬರಹಕ್ಕೆ ಅಂಥದೊಂದು ತಪ್ಪೇ ಮೂಲವಾದುದರಿಂದ ಅದನ್ನು ಮುಚ್ಚಿಟ್ಟು ಮುಂದುವರಿಯುವಂತಿಲ್ಲ. ಕಳೆದ ವರ್ಷ ಪದವಿ ತರಗತಿಯವರಿಗೆ ಭಾಷಾಂತರದ ಅಭ್ಯಾಸಕ್ಕೆಂದು ಒಂದು ಇಂಗ್ಲಿಷ್ ಗದ್ಯಭಾಗವನ್ನು ಕೊಟ್ಟಿದ್ದೆ. ಚೀನೀ ಭಾಷೆಯಿಂದ ಇಂಗ್ಲಿಷಿಗೆ ಬಂದ ಕಥೆಯೊಂದರ ತುಣುಕು ಅದು. ಮಳೆಯಲ್ಲಿ ನೆನೆದು ಬಂದ ಅತಿಥಿಗೆ ಮನೆಯ ಮುದುಕಿ ಚಹಾ ಮಾಡಿಕೊಡುವ ಸಂದರ್ಭ. ವಿದ್ಯಾರ್ಥಿನಿಯೊಬ್ಬಳು ಅದನ್ನು ‘ಕೆಂಪು ಚಹಾ’ ಎಂದು ಬರೆದಿದ್ದಳು. ನಾನು ಆ ಮಾತನ್ನು ಹೊಡೆದುಹಾಕಿ, ‘ಕಪ್ಪು ಚಹಾ ಎಂದಿರಬೇಕು, ಚಹಾದಲ್ಲಿ ಕೆಂಪು ಎಂಬುದುಂಟೆ?’ ಎಂದು ಪಕ್ಕದಲ್ಲಿ ಬರೆದು ಎರಡು ಅಂಕಗಳನ್ನು ಕಳೆದೆ. ಆಕೆ ಬಂದು, “ಮೂಲದಲ್ಲಿ ಕೆಂಪು ಎಂದೇ ಇದೆಯಲ್ಲ, ಸಾರ್” ಎಂದಳು. “ಇಂಗ್ಲಿಷಿಗೆ ತಂದವರು ಎಡವಿರಬೇಕಮ್ಮ. ಇಂಗ್ಲಿಷಿನಲ್ಲಿ ಅದಕ್ಕೆ ಬ್ಲ್ಯಾಕ್ ಟೀ ಎನ್ನುತ್ತಾರೆ” ಎಂದು ಹೇಳಿ ಕಳುಹಿಸಿದೆ.

ಎಡವಿದ್ದವನು ನಾನು. ಕೆಲವು ವಾರಗಳ ಮೇಲೆ ಚೀನದ ಚಹಾವನ್ನು ಕುರಿತು ಓದುತ್ತಿದ್ದಾಗ, ಇಂಗ್ಲಿಷರು ಕಪ್ಪು ಎನ್ನುವ ಚಹಾವನ್ನು ಚೀನೀಯರು ‘ಹೋಂಗ್ ಛಾ’, ಎಂದರೆ ಕೆಂಪು ಚಹಾ, ಎಂದೇ ಕರೆಯುತ್ತಾರೆಂಬುದು ತಿಳಿಯಿತು. ಕಥೆಯನ್ನು ಇಂಗ್ಲಿಷಿಗೆ ತಂದವರು ಮೂಲದ ಮಾತಿಗೆ ನಿಷ್ಠರಾಗಿದ್ದರು. ಹುಡುಗಿ ತನ್ನ ಮುಂದಿದ್ದ ಮಾತಿಗೆ ನಿಷ್ಠಳಾಗಿದ್ದಳು. ನನ್ನ ನಿಷ್ಠೆ ಮಾತ್ರ ಎರಡರ ಕಡೆಗೂ ಇರದೆ ನನಗೆ ರೂಢಿಯಾಗಿದ್ದ ಇಂಗ್ಲಿಷ್ ಪದದ ಕಡೆಗಿತ್ತು. ಆಕೆಯನ್ನು ಕರೆಸಿ ಅಂಕಗಳನ್ನು ಹಿಂದಿರುಗಿಸಿದೆ. ಆಕೆ ಅದಕ್ಕೆ ವಿಶೇಷವಾಗಿ ಹಿಗ್ಗಲಿಲ್ಲ. “ಹಾಗಾದರೆ ಅವರಲ್ಲಿ ಕಪ್ಪು ಚಹಾ ಎಂಬುದೇ ಇಲ್ಲವೆ, ಸಾರ್?” ಎಂದು ಕೇಳಿದಳು. ಅಂದು ಸರಿಯಾದ ಉತ್ತರ ನನ್ನಲ್ಲಿರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಚಹಾದ ನೆಪದಲ್ಲಿ ಭಾಷಾಂತರವನ್ನು ಕುರಿತೂ ಒಂದು ಮಾತು ಹೇಳುವುದಿದೆ.

ಮೊದಲು ತಿಳಿಯಬೇಕಾದ ಸಂಗತಿ ಇದು: ಚೀನದಲ್ಲಿ ಆರು ಬಗೆಯ ಚಹಾಗಳಿದ್ದರೂ ಆರು ಬಗೆಯ ಗಿಡಗಳಿಲ್ಲ. ಗಿಡ ಒಂದೇ, ಸಸ್ಯಶಾಸ್ತ್ರಜ್ಞರು ಅದನ್ನು ಕಮೇಲಿಯ ಸೈನೆನ್ಸಿಸ್ ಎನ್ನುತ್ತಾರೆ. ಅದರಲ್ಲಿ ಸಣ್ಣ ಎಲೆಯ ಚೀನೀ ತಳಿ, ದೊಡ್ಡ ಎಲೆಯ ಅಸ್ಸಾಮಿ ತಳಿ ಎಂಬ ಭೇದವುಂಟು. ಒಂದೊಂದು ಬೆಟ್ಟದ ಮಣ್ಣಿಗೂ ಮಂಜಿಗೂ ಹೊಂದಿ ಬೆಳೆದ ಒಳತಳಿಗಳು ಹಲವಾರಿವೆ. ಆದರೂ ಕೊಯ್ದ ಎಲೆ ಹಸುರು ಚಹಾ ಆಗಬೇಕೋ ಕೆಂಪು ಚಹಾ ಆಗಬೇಕೋ ಎಂಬುದು ನಿರ್ಣಯವಾಗುವುದು ಕೊಯ್ದ ಮೇಲೆ, ಕೆಲಸಗಾರನ ಕೈಯಲ್ಲಿ.

ಯೂರೋಪಿನ ಪಂಡಿತರಿಗೆ ಇದು ಬಹುಕಾಲ ಹೊಳೆಯಲಿಲ್ಲ. ಜೀವಜಾತಿಗಳಿಗೆಲ್ಲ ಹೆಸರಿಟ್ಟು ವರ್ಗೀಕರಿಸಿದ ಮಹಾಮೇಧಾವಿ ಲಿನೇಯಸ್ 1762ರಲ್ಲಿ ಪ್ರಕಟಿಸಿದ ತನ್ನ ಗ್ರಂಥದ ಎರಡನೆಯ ಆವೃತ್ತಿಯಲ್ಲಿ, ಕಪ್ಪು ಚಹಾದ ಗಿಡವೇ ಬೇರೆ, ಹಸುರು ಚಹಾದ ಗಿಡವೇ ಬೇರೆ ಎಂದು ಎರಡು ಜಾತಿಗಳನ್ನು ಮಾಡಿಟ್ಟ. ಪೆಟ್ಟಿಗೆಯಲ್ಲಿ ಬಂದ ಒಣಗಿದ ಸರಕನ್ನು ನೋಡಿದವರಿಗೆ ಹಾಗೆ ತೋರಿದ್ದು ಸಹಜ. 1840ರ ದಶಕದಲ್ಲಿ ರಾಬರ್ಟ್ ಫಾರ್ಚ್ಯೂನ್ ಎಂಬ ಸ್ಕಾಟ್ಲೆಂಡಿನ ಸಸ್ಯಸಂಗ್ರಾಹಕ ಚೀನದ ತೋಟಗಳನ್ನು ಸ್ವತಃ ಸುತ್ತಿ ಬಂದು, ಒಂದೇ ಗಿಡದ ಎಲೆಯಿಂದ ಎರಡನ್ನೂ ಮಾಡುತ್ತಾರೆಂದು ಬರೆದ ಮೇಲೆ ಆ ಭ್ರಾಂತಿ ಕರಗತೊಡಗಿತು. ಇದೇ ಫಾರ್ಚ್ಯೂನನನ್ನು 1848ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಮತ್ತೆ ಚೀನಕ್ಕೆ ಕಳುಹಿಸಿ, ಸಸಿಗಳನ್ನೂ ಬೀಜಗಳನ್ನೂ ಅವುಗಳೊಡನೆ ನುರಿತ ಕೆಲಸಗಾರರನ್ನೂ ಹಿಮಾಲಯದ ತಪ್ಪಲಿನ ತೋಟಗಳಿಗೆ ತರಿಸಿಕೊಂಡಿತು. ಕೆಲಸಗಾರರನ್ನೂ ತರಿಸಬೇಕಾಯಿತೆಂಬುದನ್ನು ಗಮನಿಸಬೇಕು. ಗಿಡವೊಂದಿದ್ದರೆ ಚಹಾ ಆಗುವುದಿಲ್ಲವೆಂಬುದು ಆ ವ್ಯಾಪಾರಿಗಳಿಗೂ ಅಷ್ಟು ಹೊತ್ತಿಗೆ ಅರ್ಥವಾಗಿತ್ತು. ಹುಟ್ಟಿನಿಂದ ಕುಲವೋ, ಗುಣದಿಂದ ಕುಲವೋ ಎಂದು ಪಂಪನ ಕರ್ಣ ಎತ್ತಿದ ಪ್ರಶ್ನೆಯನ್ನು ತರಗತಿಯಲ್ಲಿ ವರ್ಷವರ್ಷವೂ ಪಾಠ ಹೇಳುವ ನನ್ನಂಥವನಿಗೆ ಈ ಎಲೆಯ ಕಥೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಎಲೆಗೆ ಮಾಡುವ ಸಂಸ್ಕಾರವಾದರೂ ಎಂಥದು? ನಮ್ಮ ಅಡುಗೆಮನೆಯ ಎರಡು ನಿದರ್ಶನಗಳಿಂದ ಅದನ್ನು ತಿಳಿಯಬಹುದು. ಬದನೆಕಾಯಿಯನ್ನು ಹೆಚ್ಚಿ ಹಾಗೆಯೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಕಂದುತ್ತದೆ. ಗಾಯಗೊಂಡ ಭಾಗಕ್ಕೆ ಗಾಳಿ ತಾಗಿ, ಕಾಯಿಯೊಳಗಿನ ಕಿಣ್ವಗಳೇ ಆ ಬಣ್ಣವನ್ನು ತರುತ್ತವೆ. ಹೊರಗಿನಿಂದ ಏನೂ ಸೇರಬೇಕಾಗಿಲ್ಲ. ಇದು ಒಂದು ಕ್ರಿಯೆ. ರುಬ್ಬಿಟ್ಟ ದೋಸೆಯ ಹಿಟ್ಟು ರಾತ್ರಿಯೆಲ್ಲ ಉಬ್ಬಿ ಹುಳಿಯಾಗುವುದು ಇನ್ನೊಂದು. ಅಲ್ಲಿ ಕೆಲಸ ಮಾಡುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಚಹಾದ ವ್ಯಾಪಾರಿಗಳು ಈ ಎರಡನ್ನೂ ‘ಹುದುಗು’ ಎಂಬ ಒಂದೇ ಮಾತಿನಿಂದ ಕರೆದು ಗೊಂದಲವೆಬ್ಬಿಸಿದ್ದಾರೆ. ಬದನೆಕಾಯಿಯ ಮಾರ್ಗ ಬೇರೆ, ದೋಸೆಹಿಟ್ಟಿನ ಮಾರ್ಗ ಬೇರೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಆರು ಬಗೆಗಳೂ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಕೊಯ್ದ ಎಲೆ ಕಂದುವುದಕ್ಕೆ ಮೊದಲೇ ಅದನ್ನು ಬಿಸಿಗೆ ಹಾಕಿ ಕಿಣ್ವಗಳನ್ನು ಅಡಗಿಸಿದರೆ ಹಸುರು ಚಹಾ. ಚೀನದಲ್ಲಿ ತಯಾರಾಗುವ ಚಹಾದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಇದೇ. ಝೆಜಿಯಾಂಗ್ ಪ್ರಾಂತದ ಹಾಂಗ್‌ಝೌ ನಗರದ ಪಶ್ಚಿಮ ಸರೋವರದ ಸುತ್ತಣ ಗುಡ್ಡಗಳಲ್ಲಿ ಆಗುವ ಲೋಂಗ್‌ಜಿಂಗ್ ಇದರಲ್ಲಿ ಪ್ರಸಿದ್ಧವಾದುದು. ಕಾದ ಬಾಣಲೆಯಲ್ಲಿ ಎಲೆಯನ್ನು ಬರಿಗೈಯಿಂದ ಒತ್ತಿ ಒತ್ತಿ ಹುರಿಯುವುದರಿಂದ ಅದು ಚಪ್ಪಟೆಯಾಗುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ಚೀನೀಯರು ಹಿರಿಯರ ಸಮಾಧಿಗಳಿಗೆ ಹೋಗಿಬರುವ ಛಿಂಗ್‌ಮಿಂಗ್ ಹಬ್ಬವುಂಟು. ಅದಕ್ಕೆ ಮುಂಚೆ ಕೊಯ್ದ ಚಿಗುರಿಗೆ ಬೆಲೆ ಹೆಚ್ಚು. ಜಿಯಾಂಗ್ಸು ಪ್ರಾಂತದ ಬಿಲುವೊಚುನ್, ಅನ್ಹುಯಿ ಪ್ರಾಂತದ ಹ್ವಾಂಗ್‌ಷಾನ್ ಮಾವ್‌ಫೆಂಗ್ ಇದೇ ವರ್ಗದವು.

ಹುರಿಯದೆ, ಹೊಸೆಯದೆ, ಎಲೆಯನ್ನು ತೆಳ್ಳಗೆ ಹರಡಿ ಬಾಡಿಸಿ ಒಣಗಿಸಿದರೆ ಬಿಳಿ ಚಹಾ. ಫೂಜಿಯನ್ ಪ್ರಾಂತದ ಫೂದಿಂಗ್, ಝೆಂಗ್‌ಹೆ ಇದರ ತವರು. ಬಿಡದ ಮೊಗ್ಗಿನ ಮೇಲಿನ ಬೆಳ್ಳಿಯಂಥ ನವಿರಿನಿಂದ ಇದಕ್ಕೆ ಈ ಹೆಸರು. ಹಸುರು ಚಹಾದಂತೆಯೇ ಆರಂಭಿಸಿ, ಬೆಚ್ಚಗೂ ತೇವವಾಗಿಯೂ ಇರುವ ಎಲೆಯನ್ನು ಕಾಗದದಲ್ಲಿಯೋ ಬಟ್ಟೆಯಲ್ಲಿಯೋ ಸುತ್ತಿ ಕಾವಿನಲ್ಲಿಟ್ಟರೆ ಅದು ನಿಧಾನವಾಗಿ ಹಳದಿಗೆ ತಿರುಗುತ್ತದೆ. ಇದು ಹಳದಿ ಚಹಾ. ಹೂನಾನ್ ಪ್ರಾಂತದ ದೋಂಗ್‌ತಿಂಗ್ ಸರೋವರದ ನಡುಗಡ್ಡೆಯೊಂದರಲ್ಲಿ ಆಗುವ ಜುನ್‌ಷಾನ್ ಯಿನ್‌ಝೆನ್ ಇದಕ್ಕೆ ಉದಾಹರಣೆ. ಶ್ರಮ ಹೆಚ್ಚು, ಗಿರಾಕಿ ಕಡಮೆ. ಆರರಲ್ಲಿ ಅಪರೂಪವಾದುದು ಇದು.

ಊಲಾಂಗಿನದು ನಡುದಾರಿ. ಬಾಡಿಸಿದ ಎಲೆಯನ್ನು ಬಿದಿರಿನ ಮೊರದಂಥ ತಟ್ಟೆಗಳಲ್ಲಿ ಮತ್ತೆ ಮತ್ತೆ ಕುಲುಕಿ, ಅಂಚುಗಳು ಮಾತ್ರ ಜಜ್ಜಿಹೋಗುವಂತೆ ಮಾಡುತ್ತಾರೆ. ಅಂಚು ಕೆಂಪಾಗುತ್ತದೆ, ನಡುವೆ ಹಸುರು ಉಳಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಕೆಲಸಗಾರ ಎಲೆಯ ಪರಿಮಳದಿಂದಲೂ ಸ್ಪರ್ಶದಿಂದಲೂ ತಿಳಿಯಬೇಕು. ಒಂದು ಗಳಿಗೆ ಮೊದಲಾದರೆ ಹಸಿವಾಸನೆ, ಒಂದು ಗಳಿಗೆ ತಡವಾದರೆ ಬೇರೆಯೇ ಚಹಾ. ಫೂಜಿಯನ್ನಿನ ಆನ್‌ಷಿಯಲ್ಲಿ ಆಗುವ ತಿಯೆಗ್ವಾನ್‌ಯಿನ್ ಈ ಬಗೆಯದು. ಅದರ ಹೆಸರಿನಲ್ಲಿರುವ ಗ್ವಾನ್‌ಯಿನ್, ನಮ್ಮ ದೇಶದಿಂದ ಬೌದ್ಧಧರ್ಮದೊಡನೆ ಅಲ್ಲಿಗೆ ಹೋಗಿ ಸ್ತ್ರೀರೂಪವನ್ನು ತಾಳಿದ ಅವಲೋಕಿತೇಶ್ವರ. ಅದೇ ಪ್ರಾಂತದ ವೂಯಿ ಬೆಟ್ಟಗಳ ಬಂಡೆಗಳ ಸಂದಿಯಲ್ಲಿ ಬೆಳೆಯುವ ಚಹಾಗಳಲ್ಲಿ ದಾ ಹೋಂಗ್ ಪಾವ್, ಎಂದರೆ ‘ದೊಡ್ಡ ಕೆಂಪು ನಿಲುವಂಗಿ’, ಎಂಬುದಕ್ಕೆ ಬಹಳ ಹೆಸರು. ಅಲ್ಲಿ ಉಳಿದಿರುವ ಕೆಲವೇ ಮೂಲಗಿಡಗಳಿಂದ ಎಲೆ ಕೊಯ್ಯುವುದನ್ನು 2006ರಿಂದ ನಿಲ್ಲಿಸಿದ್ದಾರೆ. ಹೆಸರಿನಲ್ಲಿ ಕೆಂಪು ಇದೆಯೆಂದು ಅದನ್ನು ಕೆಂಪು ಚಹಾದ ಸಾಲಿಗೆ ಸೇರಿಸುವಂತಿಲ್ಲವೆಂಬುದನ್ನು ಭಾಷಾಂತರಕಾರರು ಗಮನಿಸಬೇಕು.

ಇನ್ನು ನನ್ನ ಅಂಕಗಳನ್ನು ನುಂಗಿದ ಕೆಂಪು ಚಹಾ. ಎಲೆಯನ್ನು ಬಾಡಿಸಿ, ಚೆನ್ನಾಗಿ ಹೊಸೆದು, ಬದನೆಕಾಯಿಯ ಮಾರ್ಗದಲ್ಲಿ ಕೊನೆಯವರೆಗೂ ಹೋಗಗೊಟ್ಟು, ಆಮೇಲೆ ಒಣಗಿಸಿದರೆ ಇದಾಗುತ್ತದೆ. ವೂಯಿ ಬೆಟ್ಟಗಳ ತೋಂಗ್‌ಮು ಎಂಬ ಹಳ್ಳಿಯಲ್ಲಿ ಪೈನ್ ಮರದ ಹೊಗೆಯಲ್ಲಿ ಒಣಗಿಸುವ ಚಹಾ ಈ ವರ್ಗದ ಹಿರಿಯ. ಅನ್ಹುಯಿಯ ಕೀಮನ್ ಚಹಾ 1875ರ ಸುಮಾರಿಗೆ ಹುಟ್ಟಿದುದು. ಯುನ್ನಾನಿನ ‘ದಿಯನ್ ಹೋಂಗ್’ ಜಪಾನಿನೊಡನೆ ಯುದ್ಧ ನಡೆಯುತ್ತಿದ್ದ 1930ರ ದಶಕದ ಕೊನೆಯಲ್ಲಿ ಮೊದಲಾದುದು. ಒಣಗಿದ ಎಲೆಯನ್ನು ಕಂಡ ಇಂಗ್ಲಿಷ್ ವರ್ತಕ ಇದನ್ನು ಕಪ್ಪು ಎಂದ. ಬಟ್ಟಲನ್ನು ಕಂಡ ಚೀನೀಯ ಕೆಂಪು ಎಂದ. ಒಬ್ಬ ಮಾರುವ ಸರಕನ್ನು ನೋಡಿದ, ಇನ್ನೊಬ್ಬ ಕುಡಿಯುವ ಪಾನೀಯವನ್ನು ನೋಡಿದ. ಇಬ್ಬರ ಕಣ್ಣೂ ಸರಿಯೆ. ನಮ್ಮ ಮನೆಗಳಲ್ಲಿ ಹಾಲು ಬೆರೆಸುವುದಕ್ಕೆ ಮೊದಲು ಡಿಕಾಕ್ಷನ್ನನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದು ನೋಡಿದವರು ಯಾರ ಪಕ್ಷಕ್ಕೆ ಸೇರುತ್ತಾರೆಂಬುದನ್ನು ಹೇಳಬೇಕಾಗಿಲ್ಲ.

ಹಾಗಾದರೆ ಕಪ್ಪು ಚಹಾ? ಅದೂ ಉಂಟು, ಆದರೆ ಅದು ಬೇರೆ ವಸ್ತು. ಚೀನೀಯರು ‘ಹೆಯ್ ಛಾ’, ಎಂದರೆ ಕಪ್ಪು ಚಹಾ, ಎನ್ನುವುದು ದೋಸೆಹಿಟ್ಟಿನ ಮಾರ್ಗದಲ್ಲಿ ನಡೆದ ಚಹಾವನ್ನು. ತೇವದ ಎಲೆಯನ್ನು ರಾಶಿಹಾಕಿ, ಸೂಕ್ಷ್ಮಜೀವಿಗಳು ಅದನ್ನು ಮಾಗಿಸುವಂತೆ ಮಾಡಿ, ಅನೇಕ ವೇಳೆ ಇಟ್ಟಿಗೆಯಂತೆಯೋ ಬಿಲ್ಲೆಯಂತೆಯೋ ಅಚ್ಚೊತ್ತಿ ಇಡುತ್ತಾರೆ. ಹೂನಾನಿನ ಆನ್‌ಹ್ವಾ, ಗ್ವಾಂಗ್‌ಷಿಯ ಲ್ಯೂಬಾವ್ ಇದಕ್ಕೆ ಹೆಸರಾದ ಸ್ಥಳಗಳು. ಯುನ್ನಾನಿನ ಪುಅರ್ ಚಹಾವನ್ನು ಹಲವು ವರ್ಷ ಇಟ್ಟು ಮಾಗಿಸುವುದು ವಾಡಿಕೆ. ರಾಶಿಗೆ ನೀರು ಚಿಮುಕಿಸಿ ಬೇಗನೆ ಮಾಗಿಸುವ ವಿಧಾನವನ್ನು 1973ರಲ್ಲಿ ಕುನ್‌ಮಿಂಗಿನ ಕಾರ್ಖಾನೆಯಲ್ಲಿ ರೂಪಿಸಿದರು. ಈ ಇಟ್ಟಿಗೆಗಳೇ ಶತಮಾನಗಳ ಕಾಲ ಹೇಸರಗತ್ತೆಗಳ ಬೆನ್ನಿನ ಮೇಲೆಯೂ ಮನುಷ್ಯರ ಬೆನ್ನಿನ ಮೇಲೆಯೂ ಟಿಬೆಟ್ಟಿನ ಎತ್ತರಕ್ಕೆ ಏರಿದವು. ಅದಕ್ಕೆ ಪ್ರತಿಯಾಗಿ ಕುದುರೆಗಳು ಚೀನಕ್ಕೆ ಇಳಿದುಬಂದವು. ಅಲ್ಲಿ ಆ ಚಹಾಕ್ಕೆ ಬೆಣ್ಣೆಯೂ ಉಪ್ಪೂ ಕೂಡಿತು. 1960ರ ದಶಕದಿಂದ ನಮ್ಮ ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ನೆಲೆಸಿರುವ ಟಿಬೆಟ್ಟಿನವರ ಮನೆಯಲ್ಲಿ ಬೆಣ್ಣೆ ಚಹಾ ಕುಡಿದವರು ಆ ದೂರದ ದಾರಿಯ ರುಚಿಯನ್ನು ಸ್ವಲ್ಪಮಟ್ಟಿಗಾದರೂ ಬಲ್ಲರು. ಅಂದಮೇಲೆ, ‘ಕೆಂಪು’ ಎಂದಿದ್ದ ಕಡೆ ‘ಕಪ್ಪು’ ಎಂದು ತಿದ್ದುವುದರಿಂದ ಬಣ್ಣ ಮಾತ್ರ ಬದಲಾಗುವುದಿಲ್ಲ. ಮುದುಕಿ ಅತಿಥಿಗೆ ಕೊಟ್ಟ ಪದಾರ್ಥವೇ ಬದಲಾಗುತ್ತದೆ.

ಈ ಆರು ಹೆಸರುಗಳು ಅನಾದಿಯಿಂದ ಬಂದವೆಂದು ಭಾವಿಸಬಾರದು. ಎಂಟನೆಯ ಶತಮಾನದಲ್ಲಿ, ಬೌದ್ಧ ವಿಹಾರದಲ್ಲಿ ಬೆಳೆದ ಲೂ ಯೂ ಎಂಬಾತ ‘ಛಾ ಜಿಂಗ್’ ಎಂಬ ಚಹಾಶಾಸ್ತ್ರವನ್ನು ಬರೆದಾಗ, ಎಲೆಯನ್ನು ಹಬೆಯಲ್ಲಿ ಬೇಯಿಸಿ, ಕುಟ್ಟಿ, ಬಿಲ್ಲೆ ಮಾಡಿ ಒಣಗಿಸುತ್ತಿದ್ದರು. ಕುಡಿಯುವಾಗ ಪುಡಿಮಾಡಿ ಉಪ್ಪು ಹಾಕಿ ಕುದಿಸುತ್ತಿದ್ದರು. ಸೋಂಗ್ ಅರಸರ ಕಾಲದಲ್ಲಿ ನುಣ್ಣನೆಯ ಪುಡಿಯನ್ನು ಬಟ್ಟಲಿನಲ್ಲಿ ಬಿದಿರಿನ ಕಡ್ಡಿಗಳಿಂದ ಕಡೆದು ನೊರೆಯೆಬ್ಬಿಸುವುದು ರೂಢಿಯಾಯಿತು. ಹ್ವಿತ್ಸೋಂಗ್ ಚಕ್ರವರ್ತಿಯೇ ಅದನ್ನು ಕುರಿತು ಗ್ರಂಥ ಬರೆದ. ಜಪಾನೀಯರು ಇಂದಿಗೂ ಕಾಪಾಡಿಕೊಂಡು ಬಂದಿರುವುದು ಆ ಪದ್ಧತಿಯನ್ನು. 1391ರಲ್ಲಿ ಮಿಂಗ್ ವಂಶದ ಮೊದಲ ಚಕ್ರವರ್ತಿ, ಅರಮನೆಗೆ ಕಪ್ಪವಾಗಿ ಬಿಲ್ಲೆಗಳನ್ನು ಒಪ್ಪಿಸುವುದು ಬೇಡ, ಬಿಡಿ ಎಲೆ ಸಾಕೆಂದು ಆಜ್ಞೆ ಮಾಡಿದ. ಬಿಲ್ಲೆ ಮಾಡುವ ಶ್ರಮದಿಂದ ಪ್ರಜೆಗಳನ್ನು ಬಿಡಿಸುವುದು ಅದರ ಉದ್ದೇಶ. ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಕುಡಿಯುವ ಇಂದಿನ ಪದ್ಧತಿ ಆ ಬಳಿಕ ಎಲ್ಲೆಡೆ ಹಬ್ಬಿತು. ಆರು ವರ್ಗಗಳನ್ನು ಶಾಸ್ತ್ರೀಯವಾಗಿ ನಿರೂಪಿಸಿದುದಂತೂ ತೀರ ಈಚೆಗೆ: 1979ರಲ್ಲಿ ಅನ್ಹುಯಿಯ ವಿದ್ವಾಂಸ ಛೆನ್ ಛುವಾನ್, ಎಲೆಗೆ ಮಾಡುವ ಸಂಸ್ಕಾರವನ್ನೂ ಅದರಿಂದ ಒಳಗೆ ಆಗುವ ಮಾರ್ಪಾಟನ್ನೂ ಆಧಾರವಾಗಿಟ್ಟುಕೊಂಡು ಇದನ್ನು ಮಂಡಿಸಿದರು. ಚೀನದ ಚಹಾ ತಯಾರಿಕೆಯ ಕೌಶಲವನ್ನೂ ಅದಕ್ಕೆ ಸಂಬಂಧಿಸಿದ ಸಾಮಾಜಿಕ ಪದ್ಧತಿಗಳನ್ನೂ ಯುನೆಸ್ಕೋ 2022ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು.

ಹೆಸರುಗಳಲ್ಲಿ ತರ್ಕದ ಬಿಗಿ ಇದೆಯೆಂದೂ ನಾನು ಹೇಳುವುದಿಲ್ಲ. ಬಿಳಿ ಎನ್ನುವಾಗ ಮೊಗ್ಗಿನ ನವಿರನ್ನು ನೋಡುತ್ತಾರೆ, ಕೆಂಪು ಎನ್ನುವಾಗ ಬಟ್ಟಲನ್ನು, ಕಪ್ಪು ಎನ್ನುವಾಗ ಎಲೆಯನ್ನು. ಊಲಾಂಗಿಗೆ ಶಾಸ್ತ್ರದಲ್ಲಿರುವ ಹೆಸರು ‘ಛಿಂಗ್ ಛಾ’. ಹಸುರು ನೀಲಿಗಳೆರಡನ್ನೂ ಒಳಗೊಳ್ಳುವ ಆ ‘ಛಿಂಗ್’ ಎಂಬ ಬಣ್ಣಕ್ಕೆ ಸಮನಾದ ಒಂದು ಮಾತು ನಮ್ಮಲ್ಲಿಲ್ಲ. ಆದರೂ ಆ ಹೆಸರುಗಳು ಎಲೆಯನ್ನು ದಿನವೂ ಕೈಯಲ್ಲಿ ಹಿಡಿದವರ ಬಾಯಿಂದ ಬಂದವು. ಅವುಗಳ ಓರೆಕೋರೆಗಳಿಗೂ ಒಂದು ಕಾರಣವುಂಟು.

ನಾವಾದರೂ ಈ ಎಲೆಯ ಹೆಸರನ್ನು ಎರಡು ದಾರಿಗಳಲ್ಲಿ ಪಡೆದವರು. ಧಾರವಾಡ, ಬೆಳಗಾವಿಗಳ ಕಡೆ ‘ಚಹಾ’ ಎನ್ನುತ್ತಾರೆ, ಕರಾವಳಿಯಲ್ಲಿ ‘ಚಾ’ ಎನ್ನುತ್ತಾರೆ. ಮೈಸೂರು, ಬೆಂಗಳೂರುಗಳ ಕಡೆ ‘ಟೀ’. ಮೊದಲಿನವು ಚೀನದ ಬಹುಭಾಗದಲ್ಲಿ ನಡೆಯುವ ‘ಛಾ’ ಎಂಬ ಉಚ್ಚಾರಣೆಯ ಸಂತಾನ. ಎರಡನೆಯದು ಫೂಜಿಯನ್ನಿನ ತೀರದ ಅಮಾಯ್ ಬಂದರಿನ ಕಡೆಯ ‘ತೆ’ ಎಂಬ ಉಚ್ಚಾರಣೆ. ಡಚ್ ವರ್ತಕರ ಹಡಗುಗಳಲ್ಲಿ ಯೂರೋಪಿಗೆ ಹೋಗಿ, ಇಂಗ್ಲಿಷರ ಬಾಯಿಗೆ ಬಿದ್ದು, ಅವರೊಡನೆ ನಮ್ಮಲ್ಲಿಗೆ ಬಂತು. ಎರಡಕ್ಕೂ ಮೂಲ ಚೀನವೇ, ಲಿಪಿಯಲ್ಲಿ ಎರಡಕ್ಕೂ ಅಕ್ಷರ ಒಂದೇ. ಚಹಾ ಸರಿಯೋ ಟೀ ಸರಿಯೋ ಎಂದು ನಮ್ಮ ಹಾಸ್ಟೆಲುಗಳಲ್ಲಿ ಉತ್ತರ ಕರ್ನಾಟಕದ ಹುಡುಗರೂ ಹಳೆಯ ಮೈಸೂರಿನ ಹುಡುಗರೂ ಹಾಸ್ಯವಾಗಿ ಜಗಳವಾಡುವುದನ್ನು ಕೇಳಿದ್ದೇನೆ. ಇಬ್ಬರೂ ತಮಗರಿವಿಲ್ಲದೆ ಚೀನೀ ಭಾಷೆಯನ್ನೇ ಆಡುತ್ತಿರುತ್ತಾರೆ.

ನಾನು ಹೇಳಬೇಕೆಂದಿರುವ ಮಾತು ಈಗ ಸುಲಭವಾಯಿತು. ಚೀನದ, ಜಪಾನಿನ, ರಷ್ಯದ, ಆಫ್ರಿಕದ ಸಾಹಿತ್ಯಗಳನ್ನು ನಾವು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಕನ್ನಡಕ್ಕೆ ತರುತ್ತಿದ್ದೇವೆ. ಅದರಲ್ಲಿ ಅವಮಾನವೇನೂ ಇಲ್ಲ. ಬಾಗಿಲು ಒಂದೇ ಇದ್ದಾಗ ಅದರಿಂದಲೇ ಒಳಗೆ ಬರಬೇಕು. ಆದರೆ ಬಾಗಿಲನ್ನು ಮನೆಯೆಂದು ತಿಳಿಯಬಾರದು. ಇಂಗ್ಲಿಷ್ ವರ್ತಕನ ಕಣ್ಣಿಗೆ ಕಂಡ ಬಣ್ಣವನ್ನೇ ವಸ್ತುವಿನ ಬಣ್ಣವೆಂದು ನಂಬಿ, ಮೂಲದವರ ಮಾತನ್ನು ತಪ್ಪೆಂದು ತಿದ್ದುವ ಮಟ್ಟಿಗೆ ಆ ರೂಢಿ ನನ್ನಲ್ಲಿ ಬೇರೂರಿತ್ತು. ನನ್ನಲ್ಲಿ ಮಾತ್ರವೇ ಎಂದು ಸಂಶಯ. ಪಠ್ಯಪುಸ್ತಕಗಳನ್ನೂ ಅನುವಾದಗಳನ್ನೂ ತಿರುವಿಹಾಕುವವರು ಇಂಥ ಎಷ್ಟೋ ‘ಕಪ್ಪು ಚಹಾ’ಗಳನ್ನು ಕಾಣಬಹುದು.

ಇದಕ್ಕೆ ಬರಬಹುದಾದ ಆಕ್ಷೇಪವನ್ನು ನಾನು ಬಲ್ಲೆ. ಅಸ್ಸಾಮಿನದೂ ನೀಲಗಿರಿಯದೂ ಆದ, ನಾವು ದಿನವೂ ಕುಡಿಯುವ ಚಹಾ, ಈ ಲೆಕ್ಕದಲ್ಲಿ ಕೆಂಪು ಚಹಾವೇ. ಅಂಗಡಿಗೆ ಹೋಗಿ ಹಾಗೆ ಕೇಳಿದರೆ ಅಂಗಡಿಯವನು ಏನು ಕೊಟ್ಟಾನು? ಹೋಟೆಲಿನಲ್ಲಿ ಬ್ಲ್ಯಾಕ್ ಟೀ ಎಂದರೆ ಹಾಲಿಲ್ಲದ ಟೀ ಎಂಬ ಮೂರನೆಯ ಅರ್ಥವೂ ಬಂದು ಕುಳಿತಿದೆ. ರೂಢಿಯನ್ನು ವ್ಯಾಕರಣದಿಂದ ಓಡಿಸಲಾಗದೆಂಬುದು ಕನ್ನಡದ ಅಧ್ಯಾಪಕರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಅಂಗಡಿಯ ಮಾತು ಅಂಗಡಿಯಲ್ಲಿರಲಿ. ಚೀನದ ಮನೆಯೊಂದರ ಕಥೆಯನ್ನು ಹೇಳುವಾಗ ಆ ಮನೆಯವರ ಮಾತು ಇರಲಿ. ಬೇಕಾದರೆ ಮೊದಲ ಸಲ ಬಂದ ಕಡೆ ಒಂದು ವಾಕ್ಯದ ವಿವರಣೆಯಿರಲಿ. ನಮ್ಮ ಕಾಫಿಯ ವಿಷಯದಲ್ಲಿ ಬೀಜ ಯಾವುದು, ಹುರಿದ ಹದ ಎಷ್ಟು, ಚಿಕೋರಿ ಎಷ್ಟು ಪಾಲು ಎಂದು ವಿಚಾರಿಸುವ ಜನ ನಾವು. ಬೇರೆಯವರು ತಮ್ಮ ಎಲೆಯಲ್ಲಿ ಕಂಡ ಭೇದಗಳಿಗೆ ಅಷ್ಟು ಮರ್ಯಾದೆ ತೋರುವುದು ಕಷ್ಟವಾಗಬಾರದು.

ಹಾಲು ಸಕ್ಕರೆ ಬೆರೆಸಿ ಕುಡಿಯುವ ನಮಗೆ ಈ ಸೂಕ್ಷ್ಮಗಳು ಏತಕ್ಕೆಂದು ಕೇಳುವವರೂ ಉಂಟು. ಚಹಾವನ್ನು ಹೀಗೆಯೇ ಕುಡಿಯಬೇಕೆಂದು ಮಡಿ ಹೇಳುವುದು ನನ್ನ ಉದ್ದೇಶವಲ್ಲ. ಚಹಾಕ್ಕೆ ಶುಂಠಿ, ಈರುಳ್ಳಿ, ಕಿತ್ತಳೆಯ ಸಿಪ್ಪೆ ಮೊದಲಾದುವನ್ನು ಹಾಕಿ ಕುದಿಸುವವರನ್ನು ಕಂಡು ಲೂ ಯೂ ಮೂಗು ಮುರಿದ. ಅದನ್ನು ಚರಂಡಿಯ ನೀರಿಗೆ ಹೋಲಿಸಿದ. ಆದರೆ ತಾನು ಹಾಕುತ್ತಿದ್ದ ಉಪ್ಪನ್ನು ಮಾತ್ರ ಬಿಡಲಿಲ್ಲ. ಶುಂಠಿ ಏಲಕ್ಕಿ ಜಜ್ಜಿ ಹಾಕುವ ನಮ್ಮ ಮನೆಗಳಿಗೆ ಆತ ಬಂದಿದ್ದರೆ ಏನೆನ್ನುತ್ತಿದ್ದನೋ! ಮಲ್ಲಿಗೆಯ ಮೊಗ್ಗುಗಳನ್ನು ಎಲೆಯೊಡನೆ ಬೆರೆಸಿಟ್ಟು, ರಾತ್ರಿ ಅವು ಅರಳಿದಾಗಿನ ಕಂಪನ್ನು ಎಲೆ ಹೀರಿಕೊಳ್ಳುವಂತೆ ಮಾಡಿ, ಆಮೇಲೆ ಹೂವನ್ನು ತೆಗೆದುಹಾಕುವ ಪದ್ಧತಿ ಅವನ ನಾಡಿನಲ್ಲಿಯೇ ಮುಂದೆ ಬೆಳೆಯಿತು. ರುಚಿಗೆ ಶಾಸನವಿಲ್ಲ. ಹೆಸರಿನ ವಿಷಯದಲ್ಲಿ ಮಾತ್ರ ಎಚ್ಚರಿಕೆ ಇರಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಆ ವಿದ್ಯಾರ್ಥಿನಿ ಈಗ ಪದವಿ ಮುಗಿಸಿ ಹೋಗಿದ್ದಾಳೆ. ಆಕೆಯ ಉತ್ತರಪತ್ರಿಕೆಯ ಆ ಹಾಳೆಯ ಪ್ರತಿಯನ್ನು ನಾನು ಇಟ್ಟುಕೊಂಡಿದ್ದೇನೆ. ಆಕೆಯ ನೀಲಿ ಅಕ್ಷರಗಳಲ್ಲಿ ‘ಕೆಂಪು’ ಎಂದಿದೆ. ಅದರ ಮೇಲೆ ನನ್ನ ಕೆಂಪು ಶಾಯಿಯಲ್ಲಿ ‘ಕಪ್ಪು’ ಎಂದಿದೆ. ಈ ವರ್ಷ ಭಾಷಾಂತರದ ಪಾಠವನ್ನು ಆ ಹಾಳೆಯನ್ನು ತೋರಿಸಿಯೇ ಆರಂಭಿಸಬೇಕೆಂದಿದ್ದೇನೆ.